ಬರೇ ರೊಟ್ಟಿ ಬಡಿದ ಕೈ

ಮೊಣಕೈಯ ಒಳಬದಿಯಲ್ಲಿ ಟಪ್ ಎಂದಿತು.

ಅಷ್ಟೇ. ಹಸಿ ಅವರೆಕಾಯಿ ಮುರಿದರೆ ಬರುವಷ್ಟು ಸಣ್ಣ ಸದ್ದು. ಕಂಪ್ಲಿಯ ಮೈದಾನದಲ್ಲಿ ಕಾಲೇಜುಗಳ ಬೇಸ್‌ಬಾಲ್ ಲೀಗಿನ ಪಂದ್ಯ ನಡೆಯುತ್ತಿತ್ತು. ನಾನು ಎಸೆದ ಚೆಂಡು ಬ್ಯಾಟ್ ಹಿಡಿದವಳ ಹತ್ತಿರಕ್ಕೂ ಹೋಗದೆ, ರಸ್ತೆ ಬದಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬಡಿಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬೆರಳು ಮಡಚಲು ನೋಡಿದೆ. ಆಗಲಿಲ್ಲ.

ನಾನು ಪಿಚರ್. ಬೇಸ್‌ಬಾಲ್‌ನಲ್ಲಿ ನಡುವೆ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುವವಳು. ಇದನ್ನು ನಮ್ಮ ಚಿತ್ತವಾಡ್ಗಿಯಲ್ಲಿ ಎಷ್ಟು ಮಂದಿಗೆ ವಿವರಿಸಿದ್ದೇನೋ ಲೆಕ್ಕವಿಲ್ಲ. ಕೊನೆಗೆ ಎಲ್ಲರೂ ಕೇಳುವುದು ಒಂದೇ: "ಅಂದ್ರ ಕ್ರಿಕೆಟ್ ಅಲ್ಲೇನು?" ಅಲ್ಲ ಮಾರಾಯ್ರೇ, ಅಲ್ಲ. ಆದರೆ ಆ ದಿಬ್ಬದ ಮೇಲೆ ನಿಂತಾಗ ನಾನು ಎಸೆಯುವವರೆಗೆ ಆಟ ಶುರುವಾಗುವುದಿಲ್ಲ. ಎಲ್ಲರೂ ನನಗಾಗಿ ಕಾಯುತ್ತಾರೆ. ಬದುಕಿನಲ್ಲಿ ಬೇರೆಲ್ಲೂ ನನಗಾಗಿ ಯಾರೂ ಕಾದದ್ದಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು. ಡಾಕ್ಟರು ಸ್ಕ್ರೀನಿನ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು. ಎರಡು ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್, ಅರ್ಧ ಹರಿದಿದೆ. ಪಾರ್ಶಿಯಲ್ ಟೇರ್.

"ಆಪರೇಷನ್ ಈಗ ಬ್ಯಾಡ. ಕೈಗೆ ಪೂರ್ತಿ ರೆಸ್ಟ್ ಕೊಡು. ಚೆಂಡು ಮುಟ್ಟಬ್ಯಾಡ. ಆಮ್ಯಾಲೆ ಫಿಜಿಯೋಥೆರಪಿ" ಎಂದರು.

"ಫೈನಲ್‌ಗೆ ಆಡಬೌದೇನ್ರಿ?"

"ನೋಡೋಣಮ್ಮ."

ನೋಡೋಣ ಎಂಬ ಮಾತನ್ನು ಕೇಳಿದರೆ ಈಗಲೂ ಮೈ ಉರಿಯುತ್ತದೆ. ನನ್ನದು ಡಿಗ್ರಿಯ ಕೊನೆಯ ವರ್ಷ. ಯೂನಿವರ್ಸಿಟಿ ತಂಡವನ್ನು ಫೈನಲ್ ದಿನ, ಆ ಮೈದಾನದಲ್ಲೇ ಆರಿಸುತ್ತಾರೆ. ಅದು ತಪ್ಪಿದರೆ ಮತ್ತೆ ಜೆರ್ಸಿ ಹಾಕುವ ಕಾರಣವೇ ಇರುವುದಿಲ್ಲ. ಸೀಸನ್ ಮುಗಿಯುವುದರೊಳಗೆ ಈ ಕೈ ಸರಿಹೋಗಬೇಕಿತ್ತು. ನನಗೆ ಬೇಕಾಗಿದ್ದದ್ದು ಅದೊಂದೇ.

ರೆಸ್ಟ್ ತೆಗೆದುಕೊಂಡೆ. ನಿಷ್ಠೆಯಿಂದ ತೆಗೆದುಕೊಂಡೆ. ಚೆಂಡನ್ನು ಅಟ್ಟದ ಮೇಲಿಟ್ಟೆ. ಅವ್ವ ನೀರಿನ ಕೊಡ ಎತ್ತಗೊಡಲಿಲ್ಲ. ಎಮ್ಮಿಗನೂರಿನ ಅತ್ತೆ ಎಣ್ಣೆ ತಂದು ತಿಕ್ಕಲು ಕುಳಿತಾಗ ಜಗಳವಾಡಿ ಕೈ ಬಿಡಿಸಿಕೊಂಡೆ. ಅತ್ತೆ ಮುನಿಸಿಕೊಂಡು ಊಟ ಮಾಡದೆ ಹೋದಳು. ಮೈದಾನದ ಅಂಚಿನಲ್ಲಿ ಕುಳಿತು ಗೆಳತಿಯರ ಆಟ ನೋಡಿದೆ. ಗೆದ್ದರೆ ಹೊಟ್ಟೆಕಿಚ್ಚು, ಸೋತರೆ ಸಿಟ್ಟು. ಅವರು ಗೆಲ್ಲುತ್ತಲೇ ಹೋದರು.

ಡಾಕ್ಟರು ಹೇಳಿದ ವಾರಗಳು ಮುಗಿದವು. ನಾನು ಎಸೆದ ಚೆಂಡು ಹಿಡಿಯುವ ಕ್ಯಾಚರ್ ಫರೀದಾ ಸಂಡೂರಿನಿಂದ ಬೆಳಗಿನ ಬಸ್ಸಿಗೆ ಬಂದು, ಕೈಗವಸು ಹಾಕಿಕೊಂಡು ಹತ್ತಿರದಲ್ಲೇ ಕುಕ್ಕರುಗಾಲಲ್ಲಿ ಕುಳಿತಳು. "ಮೆಲ್ಲಕ ಒಗಿ. ಮಕ್ಕಳಿಗೆ ಒಗದಂಗ" ಎಂದಳು. ಒಗೆದೆ.

ಅದೇ ನೋವು. ಅದೇ ಜಾಗ.

ಅಲ್ಲೇ ನೆಲಕ್ಕೆ ಕುಳಿತುಬಿಟ್ಟೆ. ಫರೀದಾ ಏನೋ ಹೇಳುತ್ತಿದ್ದಳು, ಕಿವಿಗೆ ಬೀಳಲಿಲ್ಲ. ಇಷ್ಟು ದಿನ ಮುಚ್ಚಿಟ್ಟು ಕಾಯ್ದ ಕೈ ಒಂದಿಷ್ಟೂ ಮುಂದೆ ಹೋಗಿರಲಿಲ್ಲ. ಯಾರ ಮೇಲೆ ರೇಗಬೇಕೆಂದು ತಿಳಿಯದೆ ಫರೀದಾಳ ಮೇಲೆ ರೇಗಿದೆ. ಪಾಪ, ಆಕೆ ಸುಮ್ಮನೆ ಬೈಸಿಕೊಂಡಳು.

ಮರುದಿನ ಅವ್ವನ ಜೊತೆ ಫಿಜಿಯೋ ಮೇಡಂ ಹತ್ತಿರ ಹೋದೆ. ಅವರು ಮೊಣಕೈ ಒತ್ತಿ, ತಿರುಗಿಸಿ, ಮುಷ್ಟಿ ಬಿಗಿಸಿ ನೋಡಿದರು. ಮುಖ ಗಂಟಿಕ್ಕಿತು.

"ಮನಿಯಾಗ ಈ ಕೈಲೆ ಏನ್ ಮಾಡ್ತಿ?"

"ಏನೂ ಇಲ್ರಿ."

"ಏನೂ ಇಲ್ರಿ ಮೇಡಂ" ಎಂದು ಅವ್ವನೂ ದನಿಗೂಡಿಸಿದಳು. "ಕಸಾನೂ ಹೊಡಿಸಿಲ್ಲ. ಬಟ್ಟಿ ಹಿಂಡಾಕನೂ ಬಿಟ್ಟಿಲ್ಲ. ಬರೇ ರೊಟ್ಟಿ ಬಡೀತಾಳ್ರಿ, ಅಷ್ಟ."

ಮೇಡಂ ನನ್ನ ಕೈಯನ್ನು ಮೆಲ್ಲಗೆ ಟೇಬಲ್ ಮೇಲಿಟ್ಟರು.

"ಎಷ್ಟು ರೊಟ್ಟಿ?"

ಅವ್ವ ನನ್ನ ಮುಖ ನೋಡಿದಳು. ನಾನು ಅವ್ವನ ಮುಖ ನೋಡಿದೆ. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಗಳಿಗೆ ಜೋಳದ ರೊಟ್ಟಿ ಹೋಗುವುದು ನಮ್ಮ ಮನೆಯಿಂದ. ಅವ್ವ ಹಿಟ್ಟು ನಾದಿ ಬೇಯಿಸುತ್ತಾಳೆ, ನಾನು ಬಡಿಯುತ್ತೇನೆ. ಹೈಸ್ಕೂಲಿನಿಂದ ಹೀಗೇ. ಬೆಳಗ್ಗೆ ಎದ್ದು ಹಲ್ಲುಜ್ಜುವುದನ್ನು ಯಾರಾದರೂ ಕೆಲಸವೆಂದು ಹೇಳುತ್ತಾರೆಯೇ? ಹಾಗೆ.

"ದಿನಕ್ಕ ನೂರರ ಮ್ಯಾಲ ಆಗ್ತಾವ್ರಿ" ಎಂದೆ.

ವಾಪಸು ಬರುವಾಗ ಆಟೋದಲ್ಲಿ ಅವ್ವ ಅಪ್ಪನಿಗೆ ಎಲ್ಲ ಹೇಳಿದಳು. ಆಟೋ ಅಪ್ಪನದೇ. ನನಗೆ ಸಿಟ್ಟು ಬಂದಿತ್ತು. ಅವ್ವನ ಮೇಲಲ್ಲ, ಪೂರ್ತಿ ನನ್ನ ಮೇಲೂ ಅಲ್ಲ. ಆ "ಬರೇ" ಎಂಬುದರ ಮೇಲೆ. ಮೈದಾನದಲ್ಲಿ ಎಸೆಯುವ ಕೈ ಒಂದು, ಅಡುಗೆಮನೆಯಲ್ಲಿ ಬಡಿಯುವ ಕೈ ಇನ್ನೊಂದು ಎಂಬಂತೆ ಮನೆಮಂದಿಯೆಲ್ಲ ಬದುಕಿದ್ದೆವು. ಡಾಕ್ಟರು ಪೂರ್ತಿ ರೆಸ್ಟ್ ಎಂದಾಗ ನನಗೆ ಕೇಳಿಸಿದ್ದು ಚೆಂಡು ಮಾತ್ರ.

ಮನೆ ಮುಂದೆ ಆಟೋ ನಿಲ್ಲಿಸಿ ಅಪ್ಪ ಹೇಳಿದ: "ನಾಳಿಂದ ನಾ ಬಡೀತೀನಿ."

ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಹಂಪಿ ನೋಡಲು ಹೋಗುವವರ ಬೆಳಗಿನ ಬಾಡಿಗೆ ಬಿಟ್ಟು, ಬನಿಯನ್ ಮೇಲೆಯೇ ರೊಟ್ಟಿ ಬಡಿಯುವ ಕೊಣಮಿಗೆಯ ಮುಂದೆ ಕುಳಿತ. ಮೊದಲ ದಿನದ ರೊಟ್ಟಿಗಳಿಗೆ ಮೂಲೆಗಳಿದ್ದವು. ಖಾನಾವಳಿಯವರು ಫೋನ್ ಮಾಡಿ, "ಇದೇನ್ರಿ, ಹರದು ಕಳಿಸೀರೇನು?" ಎಂದರು. ಅಪ್ಪ ತಾನೇ ಫೋನ್ ಇಸಿದುಕೊಂಡು, "ಹೊಸ ಮನಿಷಾ ಬಂದಾನ್ರಿ, ಕಲೀತಾನ" ಎಂದ. ಬಹಳ ದಿನಗಳ ಮೇಲೆ ನಾನು ನಕ್ಕಿದ್ದು ಅವತ್ತೇ.

ಆದರೆ ಕಳೆದುಹೋದ ವಾರಗಳು ಹೋಗಿಯೇಬಿಟ್ಟಿದ್ದವು. ಮತ್ತೆ ಮೊದಲಿನಿಂದ ಶುರು. ರಬ್ಬರ್ ಬ್ಯಾಂಡ್ ಎಳೆಯುವುದು, ಐಸ್ ಇಡುವುದು, ಒದ್ದೆ ಟವೆಲ್ ಹಿಂಡುವುದಕ್ಕೂ ಅನುಮತಿ ಕೇಳುವುದು. ಎಷ್ಟೋ ದಿನ ಬ್ಯಾಂಡನ್ನು ಗೋಡೆಗೆ ಎಸೆದಿದ್ದೇನೆ, ಎಡಗೈಯಿಂದ. ಕೊನೆಗೆ ಕಾಲುವೆ ಪಕ್ಕದ ಬಾಳೆತೋಟದ ದಾರಿಯಲ್ಲಿ ಫರೀದಾಗೆ ಮೆಲ್ಲಗೆ ಎಸೆದೆ. ನೋವಿಲ್ಲ. ಇನ್ನಷ್ಟು ದೂರದಿಂದ ಎಸೆದೆ. ನೋವಿಲ್ಲ. ಆ ಹೊತ್ತಿಗೆ ನಮ್ಮ ತಂಡ ಫೈನಲ್ ತಲುಪಿತ್ತು.

ಡಾಕ್ಟರು ಒಂದೇ ಒಂದು ಇನ್ನಿಂಗ್ಸ್‌ಗೆ ಒಪ್ಪಿದರು. ಕೈ ಜುಮ್ಮೆಂದರೂ ಸಾಕು, ಅಲ್ಲಿಗೆ ನಿಲ್ಲಿಸಬೇಕು ಎಂಬ ಷರತ್ತಿನ ಮೇಲೆ.

ಕೋಚ್ ಸರ್ ನನ್ನನ್ನು ಕೊನೆಯ ಇನ್ನಿಂಗ್ಸ್‌ಗೆ ಉಳಿಸಿಕೊಂಡಿದ್ದರು. ಹೊಸಪೇಟೆಯ ನಮ್ಮದೇ ಮೈದಾನ. ನಾವು ಒಂದು ರನ್ ಮುಂದಿದ್ದೆವು. ಮೂವರನ್ನು ಔಟ್ ಮಾಡಿದರೆ ಕಪ್ ನಮ್ಮದು. ದಿಬ್ಬ ಹತ್ತಿದೆ. ಎಲ್ಲರೂ ನನಗಾಗಿ ಕಾದರು.

ಮೊದಲನೆಯವಳು ಔಟ್. ಎರಡನೆಯವಳು ಹೊಡೆದು ಬೇಸ್ ಮೇಲೆ ನಿಂತಳು. ಮೂರನೆಯವಳು ಔಟ್. ಇನ್ನೊಬ್ಬಳು ಉಳಿದಳು. ಅವಳಿಗೆ ಮೊದಲ ಚೆಂಡು ಎಸೆದೆ. ಕಿರುಬೆರಳು ಜುಮ್ಮೆಂದಿತು.

ನೋವಲ್ಲ. ಜುಮ್ ಅಷ್ಟೇ. ನಾನಲ್ಲದೆ ಇನ್ಯಾರಿಗೂ ಗೊತ್ತಿಲ್ಲ. ಆದರೂ ಬೆರಳು ಕೊಡವಿದ್ದನ್ನು ಸರ್ ನೋಡಿರಬೇಕು. ಟೈಮ್ ಕೇಳಿ ದಿಬ್ಬದ ಹತ್ತಿರ ಬಂದರು.

"ಕೈ ಹೆಂಗೈತಿ?"

"ಏನೂ ಇಲ್ಲ ಸರ್" ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಫಿಜಿಯೋ ಮೇಡಂಗೆ ಹೇಳಿದ ಅದೇ ದನಿ, ಅದೇ ಸಲೀಸು. ಅದನ್ನು ಕೇಳಿಸಿಕೊಂಡ ಹಾಗಾಗಿ ನಿಂತೆ.

"ಜುಮ್ ಅಂತೈತಿ ಸರ್."

ಸರ್ ಕೈ ಚಾಚಿದರು. ಚೆಂಡು ಕೊಟ್ಟೆ. ನನ್ನ ಜಾಗಕ್ಕೆ ಎರಡನೇ ವರ್ಷದ ಹುಡುಗಿ ಬಂದಳು. ಅವಳ ಎರಡನೇ ಚೆಂಡನ್ನು ಬ್ಯಾಟರ್ ಕಾಂಪೌಂಡ್ ಆಚೆ ಕಳಿಸಿದಳು. ಬೇಸ್ ಮೇಲಿದ್ದವಳದೂ ಸೇರಿ ಎರಡು ರನ್.

ಸೋತೆವು.

ಯೂನಿವರ್ಸಿಟಿ ತಂಡಕ್ಕೆ ಫರೀದಾ ಆಯ್ಕೆಯಾದಳು. ನಾನು ಆಗಲಿಲ್ಲ. ಆ ಹುಡುಗಿ ನನ್ನನ್ನು ತಬ್ಬಿಕೊಂಡು ಅತ್ತಳು, ಸಮಾಧಾನ ಮಾಡಿದೆ. ಮಾಡುವಾಗ ಒಳಗೆ, ಆ ಚೆಂಡನ್ನು ನಾನು ಎಸೆಯಬೇಕಿತ್ತು ಎಂದೇ ಅನ್ನಿಸುತ್ತಿತ್ತು. ಈಗಲೂ ಅನ್ನಿಸುತ್ತದೆ. ಸುಳ್ಳು ಹೇಳಲಾರೆ.

ಕಳೆದ ವಾರ ಮತ್ತೆ ಎಂಆರ್‌ಐ ಆಯಿತು. ಹೊಸದಾಗಿ ಎಲ್ಲೂ ಹರಿದಿಲ್ಲ. ಆಪರೇಷನ್ ಬೇಡ. "ಇನ್ನೊಂದು ನಾಕು ಚೆಂಡು ಎಸ್ದಿದ್ರ ಏನಾಕ್ಕಿತ್ರಿ?" ಎಂದು ಕೇಳಿದೆ. ಪೂರ್ತಿ ಹರಿಯುತ್ತಿತ್ತು ಎಂದು ಹೇಳಲಿ ಎಂದು ಒಳಗೊಳಗೇ ಬೇಡಿಕೊಂಡೆ. ಡಾಕ್ಟರು ಪ್ರಾಮಾಣಿಕರು. "ಗೊತ್ತಿಲ್ಲಮ್ಮ. ಏನೂ ಆಗದೇನೂ ಇರಬೌದಿತ್ತು" ಎಂದರು.

ಏಳಲು ಹೊರಟೆ. ಅವ್ವ ಏಳಲಿಲ್ಲ. ಸೆರಗು ಸರಿಮಾಡಿಕೊಂಡು ಕುಳಿತೇ ಇದ್ದಳು. ರೊಟ್ಟಿ ಯಾವಾಗಿನಿಂದ ಬಡಿಯಬಹುದು ಎಂದು ಕೇಳುತ್ತಾಳೆ ಎಂದುಕೊಂಡೆ. ಅಪ್ಪನ ರೊಟ್ಟಿಗಳು ಇನ್ನೂ ಪೂರ್ತಿ ದುಂಡಗಾಗಿರಲಿಲ್ಲ.

"ಡಾಕ್ಟ್ರೇ, ಚೆಂಡು ಯಾವಾಗಿಂದ ಒಗೀಬೌದ್ರಿ ಈಕಿ?"

"ಯಾಕಮ್ಮ, ಮತ್ತ ಪಂದ್ಯ ಐತೇನು?"

"ಪಂದ್ಯ ಇಲ್ರಿ" ಎಂದಳು ಅವ್ವ. "ಆದ್ರೂ ಈಕಿಗೆ ಒಗೀಬೇಕು ಅನ್ನಸ್ತೈತಲ್ರಿ."

ಡಾಕ್ಟರು ಕ್ಯಾಲೆಂಡರ್ ಕಡೆ ತಿರುಗಿ ವಾರಗಳನ್ನು ಎಣಿಸತೊಡಗಿದರು. ನಾನು ಮತ್ತೆ ಕುರ್ಚಿಯಲ್ಲಿ ಕುಳಿತೆ.