ಆಯಿಯ ಅಣ್ಣನ ಎಡೆ

ಮಹಾನವಮಿ ಅಮಾವಾಸ್ಯೆಯ ದಿನ ನರಗುಂದದ ನಮ್ಮ ಮನೆಯಲ್ಲಿ ಹಿರಿಯರ ಹಬ್ಬ. ತೀರಿಹೋದವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಅವರವರಿಗೆ ಸೇರುತ್ತಿದ್ದ ಅಡುಗೆ ಮಾಡಿ, ಸಾಲಾಗಿ ಎಲೆ ಹಾಕಿ ಎಡೆ ಇಡುತ್ತೇವೆ. ಮುತ್ತಜ್ಜನಿಗೆ ಬದನೆಕಾಯಿ ಪಲ್ಯ, ಅಜ್ಜನಿಗೆ ಮಿರ್ಚಿ ಭಜಿ. ಇವರೆಲ್ಲ ಕಾಳಿನ ವ್ಯಾಪಾರ ಮಾಡಿಕೊಂಡು ಬಂದ ಈ ಮನೆಯ ಹಿರಿಯರು. ಸಾಲಿನ ಕೊನೆಯ ಎಡೆ ಮಾತ್ರ ಈ ಮನೆಯವನದಲ್ಲ. ಅದು ನನ್ನ ತಂದೆಯ ತಾಯಿಯ, ಅಂದರೆ ನಮ್ಮ ಆಯಿಯ, ಅಣ್ಣನದು.

ಅವನು ಆಯಿಯ ತವರೂರಾದ ಯಾವಗಲ್ಲಿನ ಹುಡುಗ. ಎರಡನೇ ಮಹಾಯುದ್ಧದ ಕಾಲದಲ್ಲಿ ಮನೆಯಲ್ಲಿ ಹೇಳದೆ ಕೇಳದೆ ದಂಡಿಗೆ ಸೇರಿದ. ವೈರಿಯ ಮುಖ ನೋಡುವ ಯೋಗವೂ ಅವನಿಗೆ ಬರಲಿಲ್ಲ. ಕವಾಯತು ಕಲಿತು ಮುಗಿದಿತ್ತಷ್ಟೆ. ಬರ್ಮಾ ಕಡೆಯ ಯಾವುದೋ ಬಂದರಿನಲ್ಲಿ ಹಡಗು ಇಳಿದ ಕೆಲವೇ ದಿನಗಳಲ್ಲಿ ವಿಮಾನಗಳು ಬಂದು ಬಾಂಬು ಹಾಕಿದವು. ಹೆಣ ಬರಲಿಲ್ಲ, ಕಾಗದ ಬಂತು. ಮೇಲಿನಿಂದ ಬಿದ್ದ ಬೆಂಕಿಗೆ ಮಗ ಸತ್ತನೆಂದು ಯಾರೋ ಓದಿ ಹೇಳಿದಾಗ ಅವನ ತಾಯಿಗೆ ತಿಳಿದದ್ದು ಸಿಡಿಲು ಒಂದೇ. "ಮಳಿ ಇಲ್ದ ಸಿಡ್ಲ ಹ್ಯಾಂಗ ಬಡೀತು?" ಎಂದು ಕೊನೆಯವರೆಗೂ ಕೇಳುತ್ತಿದ್ದಳಂತೆ.

ಆಯಿಯ ತವರುಮನೆಯ ವಂಶ ಮುಂದೆ ನಿಂತೇಹೋಯಿತು. ಎಡೆ ಇಡುವವರು ಯಾರೂ ಉಳಿಯಲಿಲ್ಲ. ಹೀಗಾಗಿ ಅವಳು ಅಣ್ಣನನ್ನು ಗಂಡನ ಮನೆಯ ಹಿರಿಯರ ಸಾಲಿಗೆ ತಂದು ಕೂಡಿಸಿದಳು. ಬೇರೆ ಮನೆತನದವರಿಗೆ ಇಲ್ಲೇನು ಎಡೆ ಎಂದು ಅವಳ ಅತ್ತೆ ತಕರಾರು ತೆಗೆದಾಗ, "ಅಂವ ಲಗ್ನ ಇಲ್ದ ಹೋದಾಂವ್ರಿ ಅತ್ತಿ, ನನ್ನ ಬಿಟ್ರ ಅವಗ ಯಾರೂ ಇಲ್ರಿ" ಎಂದಳಂತೆ. ಅತ್ತೆಯೂ ಅಣ್ಣತಮ್ಮಂದಿರ ಜೊತೆ ಹುಟ್ಟಿದವಳೇ, ಸುಮ್ಮನಾದಳು. ಅವನದೊಂದು ಫೋಟೋ ಕೂಡ ಇಲ್ಲ. ಅವನನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಆಯಿ ಒಬ್ಬಳೇ. ಅವಳು ಮರೆತರೆ ಅವನು ಈ ಭೂಮಿಯ ಮೇಲೆ ಇರಲೇ ಇಲ್ಲ ಎಂದಂತೆ. ಅದಕ್ಕೇ ಅವನ ವಿಷಯದಲ್ಲಿ ಅವಳು ಹೇಳಿದ್ದೇ ವೇದವಾಕ್ಯ.

ಆದರೆ ಈ ಅಣ್ಣನ ನಾಲಿಗೆ ಬಲು ವಿಚಿತ್ರ. ನಾನು ಚಿಕ್ಕವಳಿದ್ದಾಗ ಅವನಿಗೆ ಚಕ್ಕಲಿ, ಶೇಂಗಾ ಉಂಡಿ ಎಂದರೆ ಪ್ರಾಣ. ಆಯಿಯ ಹಲ್ಲು ಒಂದೊಂದಾಗಿ ಉದುರತೊಡಗಿದಂತೆ ಅವನು ಗೋಧಿ ಹುಗ್ಗಿಗೆ ಬಂದ. ಡಾಕ್ಟರು ಆಯಿಗೆ ಸಕ್ಕರೆ ಬಂದ್ ಮಾಡಿದ ಮೇಲಂತೂ ಸಿಹಿ ಬಿಟ್ಟು ಬೇರೇನನ್ನೂ ಮುಟ್ಟದಾದ. ಪೂಜೆ ಮುಗಿದ ಮೇಲೆ ಅಣ್ಣನ ಎಲೆ ತಂಗಿಗೇ ಸೇರಬೇಕು ಎಂಬ ಕಾನೂನನ್ನೂ ಅವಳೇ ಮಾಡಿಟ್ಟಿದ್ದಳು. ನಮಗೆಲ್ಲ ಗೊತ್ತಿತ್ತು. ನಗುತ್ತಿದ್ದೆವು, ಬಡಿಸುತ್ತಿದ್ದೆವು.

ನಾನು ರೋಣದಲ್ಲಿ ಶಾಲೆಯ ಟೀಚರು. ಮಕ್ಕಳ ಸುಳ್ಳು ಹಿಡಿದು ಹಿಡಿದು ಅದೊಂದು ಚಟವೇ ಆಗಿಬಿಟ್ಟಿದೆ. ಮೂರು ವರ್ಷದ ಹಿಂದೆ ಹಬ್ಬಕ್ಕೆ ಹೋದಾಗ, ಆಯಿ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು, "ಈ ಸಲ ಅಣ್ಣಗ ಜಾಮೂನ ಮಾಡ್ರಿ, ಅಂವಗ ಭಾಳ ಸೇರತಿತ್ತು" ಎಂದಳು.

"ಆವಾಗ ಯಾವಗಲ್ಲಿನ್ಯಾಗ ಜಾಮೂನ ಯಾರು ಮಾಡತಿದ್ರಬೇ ಆಯಿ?" ಎಂದೆ.

ಮನೆಮಂದಿಯೆಲ್ಲ ನಕ್ಕರು, ಅವಳೂ ನಕ್ಕಳು. ಅಲ್ಲಿಗೇ ಬಿಡಬೇಕಿತ್ತು. ನಾಲಿಗೆಗೆ ಎಲುಬಿಲ್ಲವಲ್ಲ, "ಹೋಗ್ಲಿ, ನಿಮ್ಮಣ್ಣ ನೋಡಾಕ ಹ್ಯಾಂಗಿದ್ದ? ಖರೇ ಹೇಳು" ಎಂದುಬಿಟ್ಟೆ.

ಆಯಿಯ ನಗು ನಿಂತಿತು. ಗೋಡೆ ಹಿಡಿದು ಎದ್ದು ಹಿತ್ತಲಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಕಟ್ಟೆಯ ಮೇಲೆ ಕೂತು, ನನ್ನ ಕಡೆ ನೋಡದೆಯೇ ಹೇಳಿದಳು.

"ಮಾರಿ ನೆನಪಿಲ್ಲಬೇ ನನಗ. ಅಂವ ಹೋದಾಗ ನಾ ಐದು ವರ್ಷದಾಕಿ. ದನೀನೂ ನೆನಪಿಲ್ಲ. ಏನ ಸೇರತಿತ್ತೋ ಯಾರಿಗ್ಗೊತ್ತು. ಏನರ ಒಂದ ಹೇಳದಿದ್ರ ನೀವು ಅವನ ಎಡಿ ಬಿಟ್ಟ ಬಿಡತೀರಿ ಅಂತ ಅಂಜಿಕಿ."

ಅಣ್ಣನಿಗೊಂದು ಎಲೆ ಉಳಿಸಲು ವರ್ಷಾವರ್ಷ ಸುಳ್ಳು ಹೇಳಿದ ಜೀವವನ್ನು ನಾನು ಎಲ್ಲರೆದುರು ಕಳ್ಳಿಯನ್ನು ಹಿಡಿದ ಹಾಗೆ ಹಿಡಿದಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ನಾನಿರುವವರೆಗೆ ಆ ಎಡೆ ತಪ್ಪುವುದಿಲ್ಲ ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ. "ಏನೂ ನೆನಪಿಲ್ಲೇನ ಆಯಿ?" ಎಂದು ಮೆಲ್ಲಗೆ ಕೇಳಿದೆ.

"ತಲಿ ನೆನಪೈತಿ" ಎಂದಳು. "ಹೆಗಲ ಮ್ಯಾಲ ಕುಂಡ್ರಿಸ್ಕೊಂಡು ಹೊಲಕ್ಕ ಒಯ್ತಿದ್ದ. ನಾ ಕೂದಲ ಹಿಡ್ಕೊಂಡು ಕುಂಡ್ರತಿದ್ನಿ. ನೆತ್ತಿ ಮ್ಯಾಲ ಎರಡು ಸುಳಿ ಇದ್ವು. ಎರಡು ಸುಳಿ ಇದ್ದವಗ ಎರಡು ಲಗ್ನ ಅಂತ ಎಲ್ಲಾರೂ ಚಾಷ್ಟಿ ಮಾಡತಿದ್ರು. ಒಂದೂ ಆಗ್ಲಿಲ್ಲ ನೋಡು."

"ನೀ ಮ್ಯಾಲ ಹೋದಾಗ ಅಂವನ ಬಂದು ನಿನ್ನ ಗುರ್ತ ಹಿಡೀತಾನ ತಗೋ" ಎಂದೆ.

"ಹ್ಯಾಂಗ ಹಿಡೀತಾನ, ಖೋಡಿ? ಅಂವ ಐದು ವರ್ಷದ ತಂಗಿನ್ನ ಹುಡುಕ್ಕೋತ ನಿಂತಿರತಾನ. ಈ ಬೊಚ್ಚಬಾಯಿ ಮುದಕಿನ್ನ ಯಾಕ ನೋಡ್ಯಾನ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನ ಹುಡುಕಬೇಕು. ಅಲ್ಲಿ ಅಂಥಾ ಸಿಪಾಯಿ ಹುಡುಗೋರು ಎಷ್ಟ ಮಂದಿ ಅದಾರೋ. ಒಬ್ಬೊಬ್ಬನ ಮುಂದ ನಿಂತು, ತಮ್ಮಾ, ಒಂದೀಟ ತಲಿ ಬಗ್ಗಸಪಾ, ಅನ್ಕೋಂತ ಹೋಗಬೇಕು."