ಮಲಾವಿಯ ಪಂಪು, ಜೆಪ್ಪುವಿನ ಅತ್ತೆ

ನನ್ನ ನೆನಪನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯಿಸಲು ಕಲಿಸಿದರು. ಬೇರೆಯವರದೆಲ್ಲ ಮುಗಿದು ಈಗ ಸರದಿ ನನ್ನ ತಲೆಗೇ ಬಂದಿದೆ.

ಹೊಟ್ಟೆಪಾಡಿಗೆ ನಾನು ಮೌಲ್ಯಮಾಪಕ. ಅಂದರೆ ಯಾರೋ ಕೊರೆಸಿಕೊಟ್ಟ ಬೋರ್‌ವೆಲ್‌ನಿಂದ ಊರಿಗೆ ಒಳ್ಳೆಯದಾಯಿತೇ ಎಂದು, ಬಾಟಲಿ ನೀರು ಕುಡಿಯುತ್ತಾ ಹೇಳುವವನು. ಹಾಗೆ ಒಮ್ಮೆ ಆಫ್ರಿಕದ ಮಲಾವಿಯ ಒಂದು ಊರಿಗೂ, ಅಲ್ಲಿನ ಹೊಸ ನೀರಿನ ಪಂಪು ನೋಡಲು ಹೋಗಿದ್ದೆ. ಈಚೆಗೆ ನಮ್ಮೂರಿನ ಕೊಡಿಯಾಲ್‌ಬೈಲಿನಲ್ಲಿ ಆಫ್ರಿಕದ ಜನರ ಸ್ವಂತ ಮೌಲ್ಯಮಾಪನ ಕ್ರಮಗಳ ಬಗ್ಗೆ ವಿಚಾರ ಸಂಕಿರಣ ಏರ್ಪಾಡಾಯಿತು. ಭಾಷಣಕಾರರೆಲ್ಲ ನಮ್ಮವರೇ, ಆಫ್ರಿಕದಿಂದ ಬಂದದ್ದು ವೇದಿಕೆಯ ಮೇಲಿನ ಮರದ ಜಿರಾಫೆ ಮಾತ್ರ. ಪಂಪಿಗೆ ಹಣ ಕೊಟ್ಟ ದಾನಿಗಳೂ ಬರುವವರಿದ್ದರು. ಮಲಾವಿಯ ಆ ಊರಿನವರ ತೀರ್ಮಾನವೇ ಸಾಕೆಂದು ಅವರಿಗೆ ಅನಿಸಿದರೆ ಪಕ್ಕದ ಊರಿಗೂ ಪಂಪು. ಇಲ್ಲವಾದರೆ ಮತ್ತೆ ನನ್ನಂಥವರ ಪ್ರಶ್ನಾವಳಿ.

ನನ್ನ ಭಾಷಣ ಸಿದ್ಧವಿತ್ತು: ಅಲ್ಲಿ ಪಂಪನ್ನು ಜಗಳದಿಂದ ಅಳೆಯುತ್ತಾರೆ, ಅದು ಬಂದ ಮೇಲೆ ಯಾರು ಯಾರೊಡನೆ ಮಾತು ಬಿಟ್ಟರು, ಯಾರು ರಾಜಿಯಾದರು ಎಂದು ಕೇಳುತ್ತಾರೆ. ಓದಿ ಹೇಳಿದರೆ ಹೆಂಡತಿ ಸುಜಾತಾ ನಕ್ಕಳು.

"ಅದು ಜೆಪ್ಪುವಿನ ನಿಮ್ಮ ಅತ್ತೆ ಹೇಳಿದ್ದಲ್ವಾ ಮಾರಾಯ್ರೆ? ಅವರ ಓಣಿಗೆ ನಳ್ಳಿ ಬಂದಾಗ?"

ನಾನು ಸಾಕ್ಷಿ ಹೇಳಹೊರಟದ್ದು ಯಾವ ಊರಿನದು? ನೆನಪನ್ನು ಪರೀಕ್ಷಿಸುವ ವಿಧಾನ ಹುಡುಕಿ ಇದ್ದಬದ್ದ ಪುಸ್ತಕಗಳನ್ನೆಲ್ಲ ತಿರುವಿಹಾಕಿದೆ.

"ಆ ಊರಿನವರಿಗೇ ಫೋನ್ ಮಾಡಿ ಕೇಳಿದ್ರೆ ಎಂತ ಆಗ್ತದೆ?" ಎಂದಳು.

ಇಂಥ ವಿಧಾನ ಯಾವ ಪಠ್ಯದಲ್ಲೂ ಇರಲಿಲ್ಲ.

ಹೀಗೆ ಅಲ್ಲಿನ ನೀರು ಸಮಿತಿಯ ಆಗ್ನೆಸ್ ಸಂಕಿರಣದ ಪರದೆಯ ಮೇಲೆ ಬಂದಳು. ನಮ್ಮೂರ ಕ್ರೈಸ್ತರಲ್ಲೂ ಗಲ್ಲಿಗೊಬ್ಬ ಆಗ್ನೆಸ್ ಬಾಯಿ ಇರುವುದರಿಂದ ಆ ಹೆಸರಾದರೂ ನನ್ನಲ್ಲಿ ಉಳಿದಿತ್ತು. ಪಂಪನ್ನು ಜಗಳದಿಂದ ಅಳೆಯುವುದು ನಿಮ್ಮ ಕ್ರಮವೇ ಎಂದು ಕೇಳಿದೆ.

"ಜಗಳವಾ? ಅಲ್ಲ, ನಮ್ಮಲ್ಲಿ ಪಂಪು ಹೇಗಿದೆ ಎಂದು ಅದಕ್ಕೆ ಎಲ್ಲರಿಗಿಂತ ದೂರದ ಮನೆಯವಳು ಮೊದಲು ಮಾತಾಡಬೇಕು. ಅಲ್ಲಿಯವರೆಗೆ ಮುಖಂಡನೂ ಸುಮ್ಮನಿರಬೇಕು. ನೀವು ಬಂದ ದಿನ ಸುಮ್ಮನಿರದವರು ನೀವೊಬ್ಬರೇ," ಎಂದು ನಕ್ಕಳು. "ಆದರೆ ಜಗಳದ್ದೂ ಚೆನ್ನಾಗಿದೆ. ನಾವು ಇಟ್ಟುಕೊಳ್ಳಬಹುದಾ?"

ದಾನಿಗಳು ಅವಳ ಹತ್ತಿರವೇ ಎಲ್ಲ ಕೇಳಿ, ಪಕ್ಕದೂರಿನ ಪಂಪಿಗೆ ಅಲ್ಲೇ ಒಪ್ಪಿದರು. ನನ್ನ ಭಾಷಣದ ಸರದಿ ಬರುವಾಗ ಊಟಕ್ಕೆ ಎಲೆ ಹಾಕಿಯಾಗಿತ್ತು.

ಸಂಜೆ ಜೆಪ್ಪುವಿಗೆ ಹೋದೆ. "ಅತ್ತೆ, ನಿಮ್ಮ ಲೆಕ್ಕಾಚಾರ ಆಫ್ರಿಕಕ್ಕೆ ಹೋಯ್ತು."

ನೇತ್ರಾವತಿ ಸೇತುವೆಯಾಚೆ ಅಪರೂಪಕ್ಕೆ ಹೋಗುವ ಅತ್ತೆ ಒಂದಿಷ್ಟೂ ಅಚ್ಚರಿಪಡಲಿಲ್ಲ. "ಅಲ್ಲಿ ಪಂಪಿನ ಹತ್ರ ಈಗ ಜಗಳ ಉಂಟಾ?"

"ಎಂತದೂ ಇಲ್ಲವಂತೆ."

"ಹಾಗಾದ್ರೆ ಅದರಲ್ಲಿ ನೀರು ಬರ್ತದಾ ಅಂತ ಒಮ್ಮೆ ಕೇಳು ಮಾರಾಯ."

ಇಡೀ ಸಂಕಿರಣದಲ್ಲಿ ನಾವು ಯಾರಾದರೂ ಅದನ್ನು ಕೇಳಿದ್ದೆವೇ? ನೆನಪಾಗಲಿಲ್ಲ. ಮತ್ತೆ ಆಗ್ನೆಸ್‌ಗೆ ಫೋನ್ ಮಾಡಿದೆ.