ಯಗಟಿಯ ಕೊಪ್ಪರಿಗೆ

ಯಗಟಿಯಲ್ಲಿ ಕಡೂರಿನ ಬಸ್ಸು ಕಾಯುತ್ತ ಸಮುದಾಯ ಭವನದ ಜಗಲಿಯಲ್ಲಿ ಕುಳಿತೆ. ಊರವರೆಲ್ಲ ಸೇರಿ ಕೊಂಡಿಟ್ಟ ಅಡುಗೆ ಪಾತ್ರೆಗಳಿಗೆ ಅಲ್ಲಿ ಗಂಗಮ್ಮನ ಕಾವಲು. ಮಗಳ ಮದುವೆಗೆ ಕೊಪ್ಪರಿಗೆ ಒಯ್ಯಲು ಬಂದ ಸಿದ್ದಣ್ಣನನ್ನು ಆಕೆ ತಡೆದಳು, ಹಿಡಿಕೆ ಸಡಿಲವಾಗಿತ್ತು.

"ಬೀಗ್ರು ಬಂದ್ಬಿಟ್ಟವ್ರೆ ಕಣಕ್ಕಾ!"

"ಬಿಸಿ ಸಾರು ಅವ್ರ ಕಾಲ್ಮೇಲೆ ಸುರೀಬೇಕಾ? ರಿವೀಟ್ ಹೊಡ್ದು ತಗಂಡೋಗು."

ಇಲ್ಲಿ ಬಾಡಿಗೆಯಿಲ್ಲವಂತೆ, ಒಯ್ಯುವವರು ಒಂದು ಪಾತ್ರೆಯನ್ನಾದರೂ ದುರಸ್ತಿ ಮಾಡಬೇಕು. "ಬಾಡಿಗೆ ಇಡಿ ತಾಯಿ, ನಾಲ್ಕು ಕಾಸಾಗುತ್ತೆ," ಎಂದೆ.

"ಬಾಡಿಗೆ ಕೊಟ್ಟೋರು ಕುಕ್ಕಿ ನೆಗ್ಗಿಸಿ ತತ್ತಾರೆ, ರಿಪೇರಿ ಮಾಡ್ದೋರು ಮಗೀನಂಗೆ ತತ್ತಾರೆ. ಬುದ್ಧಿ ಹೇಳಿದ್ದು ಸಾಕು, ಆ ಕಡೆ ಹಿಡ್ಕಳಿ!"

ನನ್ನ ವ್ಯಾಪಾರದ ತಲೆಗೆ ಹೊಳೆಯದ ಮಾತು. ಹಿಡಿದುಕೊಂಡೆ. ಸಿದ್ದಣ್ಣ ಸುತ್ತಿಗೆ ಬೀಸುತ್ತಿದ್ದಾಗಲೇ ಬಸ್ಸು ಹೊರಟುಹೋಯಿತು. ಗಂಗಮ್ಮ ಹಿಡಿಕೆಯನ್ನು ಜಗ್ಗಿ ನೋಡಿ, "ಈಗ ಎತ್ತಿ" ಎಂದಳು. ಒಂದು ಕಡೆ ಅವನು, ಇನ್ನೊಂದು ಕಡೆ ನಾನು, ಕೊಪ್ಪರಿಗೆಯನ್ನು ಮದುವೆ ಮನೆಯ ಒಲೆಗೆ ಮುಟ್ಟಿಸಿದೆವು.